ಗುರುವಾರದೊಳಗೆ ಸಿಗುವ ಐವರು

ಮೊಬೈಲಿನಲ್ಲಿ ನಂಬರ್ ಒತ್ತುವ ಪರದೆಯಲ್ಲಿ 1, 2, 3 ಮೇಲಿನ ಸಾಲಿನಲ್ಲಿರುತ್ತವೆ. ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಮೇಲಿರುವುದು 7, 8, 9. ದಿನವೂ ಎರಡನ್ನೂ ಬಳಸುತ್ತೇವೆ. ಯಾಕೆ ಹೀಗೆ ಎಂದು ಯೋಚಿಸುವುದಿಲ್ಲ. ಫೋನಿನ ಜೋಡಣೆಯ ಹಿಂದೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1950ರ ದಶಕದಲ್ಲಿ ನಡೆದ ಕೆಲಸವಿದೆ. ಜಾನ್ ಕಾರ್ಲಿನ್ ಎಂಬ ಮನಃಶಾಸ್ತ್ರಜ್ಞರ ತಂಡ ಹತ್ತು ಗುಂಡಿಗಳನ್ನು ನಾನಾ ಬಗೆಯಲ್ಲಿ ಜೋಡಿಸಿ ಜನರ ಕೈಗೆ ಕೊಟ್ಟಿತು. ಯಾವುದರಲ್ಲಿ ಬೇಗ ಒತ್ತುತ್ತಾರೆ, ಯಾವುದರಲ್ಲಿ ತಪ್ಪುತ್ತಾರೆ, ಯಾವುದನ್ನು ಇಷ್ಟಪಡುತ್ತಾರೆ ಎಂದು ಅಳೆಯಿತು. ಗುಂಡಿ ಎಷ್ಟು ದೊಡ್ಡದಿರಬೇಕು, ಎಷ್ಟು ಒತ್ತಿದರೆ ಇಳಿಯಬೇಕು ಎಂಬುದನ್ನೂ ಬಿಡಲಿಲ್ಲ. ಆ ಪರೀಕ್ಷೆಗಳ ವರದಿ 1960ರಲ್ಲಿ ಪ್ರಕಟವಾಯಿತು, ಗುಂಡಿ ಒತ್ತುವ ಫೋನು ಮಾರುಕಟ್ಟೆಗೆ ಬಂದದ್ದು 1963ರಲ್ಲಿ.

ಹತ್ತು ಗುಂಡಿಗಳಿಗೆ ಅಷ್ಟು ವರ್ಷ. ಇವತ್ತು ಬೆಂಗಳೂರಿನ ಹೊರವರ್ತುಲ ರಸ್ತೆಯ ಆಫೀಸುಗಳಲ್ಲಿ ಅದೇ ಕೆಲಸ ಮಾಡುವವರನ್ನು ಯೂಸರ್ ಎಕ್ಸ್‌ಪೀರಿಯನ್ಸ್ ರಿಸರ್ಚರ್, ಚಿಕ್ಕದಾಗಿ ಯುಎಕ್ಸ್ ರಿಸರ್ಚರ್ ಎನ್ನುತ್ತಾರೆ. ನಾನೂ ಅವರಲ್ಲಿ ಒಬ್ಬಳು. ಒಂದು ಆ್ಯಪ್ ತಯಾರಾಗುವ ಮೊದಲು, ತಯಾರಾಗುತ್ತಿರುವಾಗ, ಬಿಡುಗಡೆಯಾದ ಮೇಲೆ ಅದನ್ನು ಬಳಸುವವರ ಹತ್ತಿರ ಹೋಗಿ ಕೂತು, ನೋಡಿ, ಕೇಳಿ, ಕಂಡದ್ದನ್ನು ಕಟ್ಟುವವರಿಗೆ ತಲುಪಿಸುವುದು ನಮ್ಮ ಕೆಲಸ. ಬೆಲ್ ಲ್ಯಾಬ್ಸ್‌ನವರಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಕಾಲದ್ದು. ನಮಗೆ ಸಿಗುವುದು ಎರಡು ವಾರ. ಎಷ್ಟೋ ಸಲ ನಾಲ್ಕು ದಿನ.

ಈ ಎರಡು ವಾರದ ಲೆಕ್ಕ ಎಲ್ಲಿಂದ ಬಂತೆಂದು ಹೇಳಬೇಕು. ಮೊದಲು ಸಾಫ್ಟ್‌ವೇರನ್ನು ಸೇತುವೆ ಕಟ್ಟಿದ ಹಾಗೆ ಕಟ್ಟುತ್ತಿದ್ದರು: ಪೂರ್ತಿ ನಕ್ಷೆ ಮೊದಲು, ಕೆಲಸ ಆಮೇಲೆ, ಪರೀಕ್ಷೆ ಕೊನೆಗೆ. ವರ್ಷ ಕಳೆದು ಕೈಗೆ ಬಂದದ್ದು ಯಾರಿಗೂ ಬೇಡವಾಗಿರುತ್ತಿತ್ತು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಜನ ಪ್ರೋಗ್ರಾಮರುಗಳು ಸೇರಿ ಒಂದು ಪುಟ್ಟ ಪ್ರಣಾಳಿಕೆ ಬರೆದರು. ಸಣ್ಣ ಸಣ್ಣ ತುಂಡುಗಳಲ್ಲಿ ಕಟ್ಟಿ, ಬೇಗ ಬೇಗ ತೋರಿಸಿ, ಬಂದ ಮಾತಿನಂತೆ ತಿದ್ದಿಕೊಳ್ಳಿ ಎಂಬುದು ಅದರ ಸಾರ. ಅದನ್ನೇ ಅಜೈಲ್ ಎನ್ನುತ್ತಾರೆ. ಕೆಲಸದ ಒಂದು ಸುತ್ತಿಗೆ ಸ್ಪ್ರಿಂಟ್ ಎಂಬ ಹೆಸರಿದೆ, ಹೆಚ್ಚಿನ ಕಡೆ ಅದು ಎರಡು ವಾರದ್ದು. ಮೂಲದಲ್ಲಿ ಈ ವೇಗ ಹುಟ್ಟಿದ್ದೇ ಬಳಸುವವರ ಮಾತನ್ನು ಬೇಗ ಕೇಳಿಸಿಕೊಳ್ಳುವುದಕ್ಕಾಗಿ. ವೇಗ ನಮ್ಮ ಕೆಲಸದ ಶತ್ರು ಎಂದು ದೂರುವ ಗೆಳೆಯರಿಗೆ ನಾನು ಇದನ್ನೇ ನೆನಪಿಸುತ್ತೇನೆ.

ವಾರ ಹೇಗೆ ಸಾಗುತ್ತದೆ? ಸೋಮವಾರ ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಕೇಳುತ್ತಾರೆ: ‘ಈ ಹೊಸ ಪರದೆ ಜನಕ್ಕೆ ಅರ್ಥ ಆಗುತ್ತಾ? ಗುರುವಾರದೊಳಗೆ ಹೇಳೋಕಾಗುತ್ತಾ?’ ಆ ಪ್ರಶ್ನೆಯನ್ನು ಹಾಗೇ ಹಿಡಿದು ಹೊರಟರೆ ಉಪಯೋಗವಿಲ್ಲ. ಯಾವ ಜನ? ಅರ್ಥವಾಯಿತೆಂದು ಯಾವುದನ್ನು ನೋಡಿ ಹೇಳುವುದು? ಉತ್ತರ ಹೌದು ಎಂದು ಬಂದರೆ ಏನು ಮಾಡುತ್ತೀರಿ, ಇಲ್ಲ ಎಂದು ಬಂದರೆ ಏನು ಬದಲಿಸುತ್ತೀರಿ? ಎರಡಕ್ಕೂ ಮಾಡುವುದು ಒಂದೇ ಆಗಿದ್ದರೆ ಅಧ್ಯಯನವೇ ಬೇಡ. ಹಾಗೆ ಹೇಳಿ ಕೈಬಿಡಿಸುವುದೂ ಈ ವೃತ್ತಿಯ ಮುಖ್ಯ ಭಾಗ, ಹೊಸಬರಿಗೆ ಅದಕ್ಕೆ ಧೈರ್ಯ ಬರಲು ಸ್ವಲ್ಪ ಕಾಲ ಬೇಕು. ಪ್ರಶ್ನೆ ಗಟ್ಟಿಯಾದ ಮೇಲೆ ಡಿಸೈನರ್ ಮಾದರಿ ಪರದೆಗಳನ್ನು ಸಿದ್ಧ ಮಾಡುತ್ತಾರೆ. ಮುಟ್ಟಿದರೆ ಮುಂದಿನ ಪರದೆ ಬರುತ್ತದೆ, ಹಿಂದೆ ಕೋಡ್ ಇರುವುದಿಲ್ಲ. ಅಷ್ಟರಲ್ಲಿ ಜನರನ್ನು ಹುಡುಕಬೇಕು. ಬುಧವಾರ, ಗುರುವಾರ ಒಬ್ಬೊಬ್ಬರ ಜೊತೆ ಮುಕ್ಕಾಲು ಗಂಟೆ, ಒಂದು ಗಂಟೆ. ಸಂಜೆ ಎಲ್ಲರೂ ಕೂತು ಟಿಪ್ಪಣಿ ಹೊಂದಿಸುತ್ತೇವೆ. ಗುರುವಾರ ಮುಗಿಯುವಷ್ಟರಲ್ಲಿ ಒಂದು ಪುಟದ ವರದಿ.

ಗಡುವಿನ ಒತ್ತಡದಲ್ಲಿ ಒಳ್ಳೆಯ ಅಧ್ಯಯನ ಸಾಧ್ಯವೇ ಎಂದು ಕೇಳಿದವರಿಗೆ ನಾನು ಕೊಡುವ ಉದಾಹರಣೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಕ್ರೀಡಾಪಟುಗಳಿಗೆ ಊರಿನಿಂದ ಮನೆಯವರು ಧ್ವನಿ ಸಂದೇಶ ಕಳಿಸುವ, ಅವರು ಅದನ್ನು ಕ್ರೀಡಾಗ್ರಾಮದ ಕಿಯಾಸ್ಕ್‌ನಲ್ಲಿ ಕೇಳುವ ವ್ಯವಸ್ಥೆಯನ್ನು ಐಬಿಎಂ ಕಟ್ಟಬೇಕಿತ್ತು. ಹನ್ನೆರಡು ಭಾಷೆಗಳಲ್ಲಿ ಅದು ಕೆಲಸ ಮಾಡಬೇಕು. ಧ್ವನಿ ಸಂದೇಶ ಎಂದರೇನೆಂದೇ ಹೆಚ್ಚಿನವರಿಗೆ ಗೊತ್ತಿಲ್ಲದ ಕಾಲ. ಒಲಿಂಪಿಕ್ಸ್ ಅಂತೂ ಯಾರಿಗಾಗಿಯೂ ಒಂದು ದಿನ ಮುಂದಕ್ಕೆ ಹೋಗುವುದಿಲ್ಲ. ಜಾನ್ ಗೂಲ್ಡ್ ಮತ್ತು ಸಂಗಡಿಗರು ಕೋಡ್ ಬರೆಯುವ ಮೊದಲೇ ಬಳಸುವವರ ಕೈಪಿಡಿ ಬರೆದು ಜನರಿಗೆ ಓದಲು ಕೊಟ್ಟರು. ಜನ ಎಡವಿದ ಕಡೆ ಕೈಪಿಡಿಯನ್ನು ತಿದ್ದಿದರು, ಕೈಪಿಡಿ ಬದಲಾದಂತೆ ವ್ಯವಸ್ಥೆಯ ನಕ್ಷೆಯೂ ಬದಲಾಯಿತು. ಕಿಯಾಸ್ಕ್‌ನ ಟೊಳ್ಳು ಮಾದರಿಯನ್ನು ಲ್ಯಾಬಿನ ಹಜಾರದಲ್ಲಿ ನಿಲ್ಲಿಸಿ ಹೋಗಿಬರುವವರ ಅಭಿಪ್ರಾಯ ಕೇಳಿದರು. ಹಿಂದೆ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದವರೊಬ್ಬರನ್ನು ತಂಡಕ್ಕೆ ಸೇರಿಸಿಕೊಂಡು, ಕ್ರೀಡಾಗ್ರಾಮದೊಳಗೆ ದಿನ ಹೇಗಿರುತ್ತದೆಂದು ತಿಳಿದುಕೊಂಡರು. ಪ್ರತಿಯೊಂದೂ ಅಗ್ಗದ ಉಪಾಯ, ಪ್ರತಿಯೊಂದೂ ಕಟ್ಟುವ ಮೊದಲೇ ಕೇಳುವ ಉಪಾಯ. ಒಲಿಂಪಿಕ್ಸ್‌ನುದ್ದಕ್ಕೂ ವ್ಯವಸ್ಥೆ ಸರಿಯಾಗಿ ನಡೆಯಿತು.

ಮೈಕ್ರೋಸಾಫ್ಟ್‌ನ ಆಟಗಳ ವಿಭಾಗದವರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ‘ಏಜ್ ಆಫ್ ಎಂಪೈರ್ಸ್ 2’ ಆಟವನ್ನು ಕಲಿಸಿಕೊಡುವ ಮೊದಲ ಭಾಗವನ್ನು ಪರೀಕ್ಷಿಸುವಾಗ, ಎಲ್ಲರ ಸರದಿ ಮುಗಿದು ವರದಿ ಬರಲಿ ಎಂದು ಅವರು ಕಾಯಲಿಲ್ಲ. ಕಾರಣವೂ ಪರಿಹಾರವೂ ಸ್ಪಷ್ಟವಿದ್ದರೆ ಒಬ್ಬರು ಎಡವಿದರೂ ಸಾಕು, ಅಲ್ಲೇ ತಿದ್ದಿ ಮುಂದಿನವರ ಮುಂದೆ ತಿದ್ದಿದ್ದನ್ನೇ ಇಟ್ಟರು. ಇದಕ್ಕೊಂದು ಮುಖ್ಯ ಷರತ್ತು: ತೀರ್ಮಾನ ತೆಗೆದುಕೊಳ್ಳುವವರು ಅಲ್ಲೇ ಕೂತು ನೋಡಬೇಕು. ನನ್ನ ಅನುಭವದಲ್ಲಿಯೂ ವೇಗದ ಪ್ರಾಜೆಕ್ಟಿನಲ್ಲಿ ಎಲ್ಲಕ್ಕಿಂತ ಫಲ ಕೊಡುವುದು ಇದೇ. ಎಂಜಿನಿಯರ್ ಒಬ್ಬರು ತಾವು ಬರೆದ ಪರದೆಯ ಮುಂದೆ ಒಬ್ಬ ಹಿರಿಯರ ಹೆಬ್ಬೆರಳು ಗಾಳಿಯಲ್ಲೇ ನಿಂತದ್ದನ್ನು ಕಣ್ಣಾರೆ ಕಂಡರೆ ಆಮೇಲೆ ವರದಿಯೇ ಬೇಕಿಲ್ಲ.

ಹಾಗಾದರೆ ಎಷ್ಟು ಜನರನ್ನು ನೋಡಿದರೆ ಸಾಕು? ಈ ಕ್ಷೇತ್ರದಲ್ಲಿ ಎಲ್ಲರ ಬಾಯಲ್ಲೂ ಇರುವ ಸಂಖ್ಯೆ ಐದು. ಡೆನ್ಮಾರ್ಕ್ ಮೂಲದ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದ ಲೇಖನದಿಂದ ಅದು ಪ್ರಸಿದ್ಧವಾಯಿತು. ಐವರನ್ನು ಕೂರಿಸಿ ನೋಡಿದರೆ ಬಳಕೆಯ ತೊಡಕುಗಳಲ್ಲಿ ಸುಮಾರು ಶೇಕಡಾ 85ರಷ್ಟು ಕಣ್ಣಿಗೆ ಬೀಳುತ್ತವೆ, ಆಮೇಲಿನವರು ಮೊದಲಿನವರು ತೋರಿಸಿದ್ದನ್ನೇ ಹೆಚ್ಚಾಗಿ ತೋರಿಸುತ್ತಾರೆ ಎಂಬ ಲೆಕ್ಕ. ಗೂಗಲ್ ವೆಂಚರ್ಸ್‌ನಲ್ಲಿ ಜೇಕ್ ನ್ಯಾಪ್ ರೂಪಿಸಿದ ಐದು ದಿನದ ಡಿಸೈನ್ ಸ್ಪ್ರಿಂಟ್‌ನಲ್ಲಿಯೂ ಶುಕ್ರವಾರ ಬರುವುದು ಐವರು ಗ್ರಾಹಕರೇ. ಆದರೆ ನೀಲ್ಸನ್ ಅದೇ ಲೇಖನದಲ್ಲಿ ಇನ್ನೂ ಎರಡು ಮಾತು ಹೇಳಿದ್ದರು. ಹದಿನೈದು ಜನರಿಗೆ ಹಣವಿದ್ದರೆ ಒಂದೇ ಸಲ ಹದಿನೈದು ಮಂದಿಯನ್ನು ನೋಡಬೇಡಿ, ಐವರಂತೆ ಮೂರು ಸುತ್ತು ನೋಡಿ, ನಡುನಡುವೆ ತಿದ್ದಿ ಎಂಬುದು ಒಂದು. ಬಳಸುವವರಲ್ಲಿ ತೀರಾ ಬೇರೆ ಬೇರೆ ಗುಂಪುಗಳಿದ್ದರೆ ಪ್ರತಿ ಗುಂಪಿನಿಂದಲೂ ಪ್ರತ್ಯೇಕವಾಗಿ ಜನರನ್ನು ಕರೆಯಿರಿ ಎಂಬುದು ಇನ್ನೊಂದು. ಐದು ಎಂಬ ಸಂಖ್ಯೆ ಮೀಟಿಂಗುಗಳಲ್ಲಿ ಉಳಿಯಿತು, ಈ ಎರಡು ಮಾತು ಮರೆಯಾದವು.

ಗುರುವಾರದೊಳಗೆ ಐವರು ಬೇಕೆಂದರೆ ಎಂಥವರು ಸಿಗುತ್ತಾರೆ? ಮಧ್ಯಾಹ್ನ ಬಿಡುವಿರುವವರು. ವೀಡಿಯೊ ಕಾಲ್ ಮಾಡಲು ಬರುವವರು, ಒಳ್ಳೆಯ ನೆಟ್‌ವರ್ಕ್ ಇರುವವರು. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾತಾಡಬಲ್ಲವರು, ಯಾಕೆಂದರೆ ಕಾಲ್ ನೋಡುವ ತಂಡಕ್ಕೆ ಅಷ್ಟೇ ಬರುತ್ತದೆ. ಜನರನ್ನು ಹುಡುಕಿಕೊಡುವ ಏಜೆನ್ಸಿಯ ಪಟ್ಟಿಯಲ್ಲಿ ಮೊದಲೇ ಇರುವವರು. ಹೀಗೆ ಸೋಸುತ್ತಾ ಹೋದರೆ ಕೊನೆಗೆ ಕೈಗೆ ಬರುವ ಐವರು ಆ್ಯಪ್ ಕಟ್ಟಿದವರಂತೆಯೇ ಇರುತ್ತಾರೆ. ಅವಸರದಲ್ಲಿ ನಮ್ಮ ಟಿಪ್ಪಣಿ ಸ್ವಲ್ಪ ಒರಟಾಗುತ್ತದೆ, ವಿಶ್ಲೇಷಣೆ ತೆಳುವಾಗುತ್ತದೆ. ಅದನ್ನು ಸಹಿಸಬಹುದು, ಮುಂದಿನ ಸುತ್ತಿನಲ್ಲಿ ತಿದ್ದಬಹುದು. ಅವಸರಕ್ಕೆ ಎಲ್ಲಕ್ಕಿಂತ ಮೊದಲು ಬಲಿಯಾಗುವುದು ದೂರದಲ್ಲಿರುವ ಮನುಷ್ಯ. ಅವರನ್ನು ಕರೆಯದೇ ಬಿಟ್ಟೆವೆಂಬುದು ಯಾರ ಗಮನಕ್ಕೂ ಬರುವುದಿಲ್ಲ, ಹಾಗಾಗಿ ತಿದ್ದುವ ಸುತ್ತು ಎಂದೂ ಬರುವುದಿಲ್ಲ. ಈ ವೃತ್ತಿಯಲ್ಲಿ ನನ್ನನ್ನು ಕಾಡುವ ಸಂಗತಿ ಇದೊಂದೇ.

ಚಳ್ಳಕೆರೆಯ ಒಂದು ಕಿರಾಣಿ ಅಂಗಡಿ ನೆನಪಾಗುತ್ತದೆ. ಅಂಗಡಿಯವರು ಉದ್ರಿ ಲೆಕ್ಕವನ್ನು ಫೋನಿನಲ್ಲಿ ಇಟ್ಟುಕೊಳ್ಳಲು ಒಂದು ಆ್ಯಪ್ ತಯಾರಾಗಿತ್ತು. ಗಿರಾಕಿಯ ಹೆಸರು, ಮೊಬೈಲ್ ನಂಬರ್, ಬಾಕಿ. ತಿಂಗಳ ಕೊನೆಗೆ ಬಾಕಿಯನ್ನು ನೆನಪಿಸುವ ಮೆಸೇಜ್ ತಾನಾಗಿ ಹೋಗುತ್ತದೆ. ಆಫೀಸಿನ ಡ್ಯಾಶ್‌ಬೋರ್ಡಿನಲ್ಲಿ ಎಲ್ಲವೂ ಹಸಿರು. ನಂಬರಿನ ಜಾಗ ಎಲ್ಲ ಖಾತೆಗಳಲ್ಲೂ ತುಂಬಿತ್ತು, ಮೆಸೇಜುಗಳು ತಲುಪುತ್ತಿದ್ದವು. ಬಾಕಿ ಮಾತ್ರ ವಸೂಲಾಗುತ್ತಿಲ್ಲ ಏಕೆ ಎಂಬ ಪ್ರಶ್ನೆಯೊಂದಿಗೆ ನಾನು ಹೋದದ್ದು.

ಅಂಗಡಿಯವರು ಗಲ್ಲಾಪೆಟ್ಟಿಗೆಯ ಪಕ್ಕ ಸ್ಟೂಲ್ ಹಾಕಿಕೊಟ್ಟರು. ಆ್ಯಪ್ ಹೇಗಿದೆ ಎಂದರೆ ‘ಚೆನ್ನಾಗೈತೆ ಮೇಡಂ’ ಎಂದರು. ನಮ್ಮ ಕಡೆ ಮನೆಗೋ ಅಂಗಡಿಗೋ ಬಂದವರ ಮುಂದೆ ಅವರ ವಸ್ತು ಚೆನ್ನಾಗಿಲ್ಲ ಎಂದು ಯಾರೂ ಹೇಳುವುದಿಲ್ಲ, ಹಾಗಾಗಿ ಆ ಮಾತನ್ನು ಬರೆದುಕೊಂಡು ವಾಪಸು ಬಂದರೆ ಕೆಲಸ ಆದಂತಲ್ಲ. ಗಿರಾಕಿಗಳು ಬರಲಿ ಎಂದು ಕಾದೆ. ಒಬ್ಬ ಹುಡುಗ ಓಡಿಬಂದು ಅರ್ಧ ಕೆಜಿ ತೊಗರಿಬೇಳೆ, ಒಂದು ಬೆಂಕಿಪೊಟ್ಟಣ ತಗೊಂಡು ‘ಬರ್ಕೊಳ್ರಿ’ ಎಂದು ಓಡಿದ. ಅಂಗಡಿಯವರು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಉದ್ದನೆಯ ನೋಟ್‌ಬುಕ್ ತೆಗೆದು ಬರೆದರು. ಆ್ಯಪಿನಲ್ಲಿ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹಾಕುತ್ತಾರಂತೆ. ನೋಟ್‌ಬುಕ್ಕಿನಲ್ಲಿ ಹೆಸರುಗಳು ಹೀಗಿದ್ದವು: ಮೂಲೆಮನೆ ಮಂಜಣ್ಣ, ಟೈಲರ್ ಮಂಜ, ನೀರುಗಂಟಿ ಮಂಜಣ್ಣನ ಹೆಂಡ್ತಿ, ಸೊಸೈಟಿ ಹಿಂದಿನ ಅಜ್ಜಿ. ಆ್ಯಪಿನಲ್ಲಿ ಇವರೆಲ್ಲ ಬರಿಯ ಮಂಜುನಾಥ ಆಗಿದ್ದರು, ಅಜ್ಜಿಗೆ ಹೆಸರೇ ಇರಲಿಲ್ಲ.

ಆಮೇಲೆ ನಂಬರಿನ ಜಾಗ ನೋಡಿದೆ. ಎಲ್ಲ ಖಾತೆಗಳಲ್ಲೂ ಒಂದೇ ನಂಬರ್ ಇತ್ತು, ಅವರದ್ದೇ. ‘ನಂಬರ್ ಹಾಕ್ದೆ ಮುಂದಕ್ಕೆ ಬಿಡಲ್ಲ ಮೇಡಂ, ಅದ್ಕೆ ನಂದೇ ಹಾಕ್ಬಿಡ್ತೀನಿ. ಮಕ್ಳು ಬಂದು ಸಾಮಾನು ಒಯ್ತವೆ, ಅವಕ್ಕೆ ಅಪ್ಪನ ನಂಬರ್ ಗೊತ್ತಿರುತ್ತಾ? ದೊಡ್ಡೋರನ್ನ ಕೇಳಿದ್ರೆ, ಯಾಕಪ್ಪಾ, ನಮ್ ಮೇಲೆ ನಂಬ್ಕೆ ಇಲ್ವಾ ಅಂತಾರೆ.’ ತಿಂಗಳ ಕೊನೆಗೆ ಊರಿನ ಎಲ್ಲರ ಬಾಕಿಯ ಮೆಸೇಜೂ ಅವರ ಫೋನಿಗೇ ಬರುತ್ತಿತ್ತು. ಅದರಿಂದ ಅವರಿಗೇನೂ ಬೇಸರವಿರಲಿಲ್ಲ. ಯಾರದು ಎಷ್ಟು ಎಂದು ಒಟ್ಟಿಗೆ ನೋಡಲು ಅನುಕೂಲ ಎಂದರು. ತಲುಪಿತು ಎಂದು ಡ್ಯಾಶ್‌ಬೋರ್ಡ್ ಹೇಳುತ್ತಿದ್ದುದು ಸುಳ್ಳಾಗಿರಲಿಲ್ಲ. ಯಾರಿಗೆ ತಲುಪಿತು ಎಂಬುದು ಸ್ಟೂಲಿನ ಮೇಲೆ ಕೂತವರಿಗೆ ಮಾತ್ರ ಗೊತ್ತಾಗುವಂತಿತ್ತು. ಮುಂದಿನ ಆವೃತ್ತಿಯಲ್ಲಿ ನಂಬರ್ ಕಡ್ಡಾಯ ತಪ್ಪಿತು, ಹೆಸರಿನ ಜೊತೆಗೆ ಗುರುತು ಬರೆಯಲು ಜಾಗ ಬಂತು.

ಇಂಥದ್ದೇ ಗೊಂದಲ ದೇಶದ ಮಟ್ಟದಲ್ಲಿ ಆದಾಗ ಬೆಲೆ ದೊಡ್ಡದಾಗುತ್ತದೆ. 2016ರಲ್ಲಿ ಆರಂಭವಾದ ಯುಪಿಐ ನಮ್ಮ ಸಂತೆಗಳವರೆಗೆ ಹೋಗಿ ಮುಟ್ಟಿದೆ, ಅದು ನಿಜಕ್ಕೂ ದೊಡ್ಡ ಸಾಧನೆ. ಅದರಲ್ಲಿ ಇನ್ನೊಬ್ಬರಿಂದ ಹಣ ಕೋರುವ ಸೌಲಭ್ಯವಿತ್ತು. ವಂಚಕರು ‘ನಿಮಗೆ ಹಣ ಬರುತ್ತೆ, ಪಿನ್ ಹಾಕಿ’ ಎಂದು ಫೋನ್ ಮಾಡಿ ಕೋರಿಕೆ ಕಳಿಸುತ್ತಿದ್ದರು. ಪಿನ್ ಹಾಕಿದವರ ಖಾತೆಯಿಂದ ಹಣ ಹೋಗುತ್ತಿತ್ತು. ಹಣ ಪಡೆಯಲು ಪಿನ್ ಬೇಕಿಲ್ಲ ಎಂದು ಎಷ್ಟು ಸಾರಿದರೂ ಮೋಸ ನಿಲ್ಲಲಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ ಆ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ರಾಷ್ಟ್ರೀಯ ಪಾವತಿ ನಿಗಮ ನಿಲ್ಲಿಸಿತು. ಹೀಗೆ ಮೋಸ ಹೋದ ಒಂದೊಂದು ವಹಿವಾಟೂ ಕಂಪ್ಯೂಟರಿನ ಲೆಕ್ಕದಲ್ಲಿ ಯಶಸ್ವಿ ವಹಿವಾಟೇ. ಪಿನ್ ಸರಿ, ಹಣ ಸರಿ, ಸಮಯ ಸರಿ. ಒತ್ತಿದ ಮನುಷ್ಯ ಏನು ಅಂದುಕೊಂಡು ಒತ್ತಿದರು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ.

ಎಲ್ಲವನ್ನೂ ಎರಡು ವಾರದಲ್ಲಿ ತಿಳಿಯಬಹುದು ಎಂದು ನಾನು ಹೇಳುತ್ತಿಲ್ಲ. ಕೆಲವು ತಿಳಿವಳಿಕೆ ನಿಧಾನವಾಗಿಯೇ ಬರಬೇಕು. 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ನಗರದ ಕೊಳೆಗೇರಿಗಳ ಮನೆಗೆಲಸದ ಹೆಂಗಸರ ಜೊತೆ ಬಹುಕಾಲ ಕೆಲಸ ಮಾಡಿದರು. ಓದಲು ಬಾರದವರೂ ಕೆಲಸ ಹುಡುಕಿಕೊಳ್ಳಬಹುದಾದ, ಅಕ್ಷರವಿಲ್ಲದ ಪರದೆಯೊಂದನ್ನು ಕಟ್ಟುವುದು ಗುರಿ. ಪಾತ್ರೆ ಮತ್ತು ನಲ್ಲಿಯ ಚಿತ್ರ ಬರೆದು ತೋರಿಸಿದರೆ ಅದು ಪಾತ್ರೆ ತೊಳೆಯುವ ಕೆಲಸ ಎಂದು ಯಾರಿಗೂ ಹೊಳೆಯಲಿಲ್ಲ. ನಲ್ಲಿಯಿಂದ ನೀರು ಬೀಳುವ ಗೆರೆಗಳನ್ನು ಸೇರಿಸಿದ ಮೇಲೆ ಹೊಳೆಯಿತು. ಅಕ್ಷರ ಬಾರದಿದ್ದರೂ ಅಂಕಿಗಳನ್ನು ಓದಬಲ್ಲರು ಎಂದು ತಿಳಿಯಿತು. ಇನ್ನೂ ದೊಡ್ಡ ಸಂಗತಿಯೆಂದರೆ, ಈ ಕಂಪ್ಯೂಟರ್ ಪೆಟ್ಟಿಗೆಯೊಳಗಿಂದ ಕೆಲಸ ಹೇಗೆ ಸಿಗುತ್ತದೆ ಎಂಬುದೇ ಆ ಹೆಂಗಸರಿಗೆ ಸ್ಪಷ್ಟವಿರಲಿಲ್ಲ. ಕೆಲಸ ಕೊಡುವವರು ಮಾಹಿತಿ ಕೊಟ್ಟು, ಅದು ಇಲ್ಲಿಗೆ ಬಂದು, ಅವರಿಗೆ ಕೆಲಸ ಸಿಗುವವರೆಗಿನ ಇಡೀ ಕಥೆಯನ್ನು ಪುಟ್ಟ ವೀಡಿಯೊ ಮಾಡಿ ಮೊದಲಿಗೆ ತೋರಿಸಿದ ಮೇಲೆ ಅವರು ಧೈರ್ಯವಾಗಿ ಬಳಸಿದರು.

ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಂಥದ್ದೇ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ 199 ಹೆಂಗಸರೊಂದಿಗೆ ಮಾತಾಡಿ, ಫೋನು ಒಬ್ಬರ ಸ್ವಂತದ್ದು ಎಂಬ ನಂಬಿಕೆಯೇ ನಮ್ಮ ಕಡೆ ಎಷ್ಟು ಸಡಿಲ ಎಂದು ಅದು ತೋರಿಸಿತು. ಮಗ, ಮೈದುನ, ಅತ್ತೆ ಯಾರು ಕೇಳಿದರೂ ಫೋನ್ ಕೊಡಬೇಕು. ಕೊಡುವ ಮೊದಲು ಒಂದೆರಡು ಮೆಸೇಜ್ ಅಳಿಸಬೇಕು, ಯಾವುದೋ ಆ್ಯಪಿಗೆ ಬೀಗ ಹಾಕಬೇಕು. ಒಂದು ಲಾಗಿನ್ ಪರದೆಯ ಬಗ್ಗೆ ನಾಲ್ಕು ದಿನದಲ್ಲಿ ಅಭಿಪ್ರಾಯ ಹೇಳಬೇಕಾಗಿ ಬಂದಾಗ ನನ್ನ ಬೆನ್ನಿಗಿರುವುದು ಇಂಥ ನಿಧಾನದ ಕೆಲಸ. ಅದು ಮನೆಯ ಕಣಜದಲ್ಲಿ ತುಂಬಿಟ್ಟ ಧಾನ್ಯ ಇದ್ದ ಹಾಗೆ. ಅವಸರದ ದಿನ ಅದರಿಂದಲೇ ಅಡುಗೆ. ತುಂಬಿಡದೆ ಬರಿಯ ಸ್ಪ್ರಿಂಟಿನಿಂದ ಸ್ಪ್ರಿಂಟಿಗೆ ಬದುಕುವ ಕಂಪನಿಗಳು ಪ್ರತಿ ಸಲವೂ ಅದೇ ಪಾಠವನ್ನು ಹೊಸದಾಗಿ ಕಲಿಯುತ್ತವೆ.

ದೂರದವರನ್ನು ವೇಗದೊಳಗೆ ತರುವ ದಾರಿಗಳಿವೆ. ಪ್ರಶ್ನೆ ಹುಟ್ಟಿದ ಮೇಲೆ ಜನರನ್ನು ಹುಡುಕುವ ಬದಲು, ಪ್ರಶ್ನೆ ಇರಲಿ ಇಲ್ಲದಿರಲಿ ಪ್ರತಿ ಎರಡನೇ ವಾರ ಒಂದು ದಿನ ಬೆಂಗಳೂರಿನ ಹೊರಗೆ ಎಂದು ಮೊದಲೇ ಗೊತ್ತುಮಾಡಿಡಬಹುದು. ಆ ದಿನ ಬಂದಾಗ ಕೇಳಬೇಕಾದ್ದು ಖಂಡಿತ ಇದ್ದೇ ಇರುತ್ತದೆ. ಊರುಗಳಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿಯವರು, ಸ್ವಸಹಾಯ ಸಂಘದವರು, ಗ್ರಾಮ ಒನ್ ಕೇಂದ್ರದವರು ಪರಿಚಯವಿದ್ದರೆ ಏಜೆನ್ಸಿಯ ಪಟ್ಟಿ ಬೇಕಾಗುವುದಿಲ್ಲ. ಬಂದವರಿಗೆ ಅವರ ದಿನದ ಕೂಲಿಗೆ ಕಡಿಮೆಯಾಗದಂತೆ ಹಣ ಕೊಡಬೇಕು. ನಮ್ಮ ಫೋನ್ ಕೈಗಿಡುವ ಬದಲು ಅವರ ಫೋನಿನಲ್ಲೇ, ಒಡೆದ ಗಾಜು, ತುಂಬಿದ ಮೆಮೊರಿ, ಬಿಸಿಲಲ್ಲಿ ಕಾಣದ ಪರದೆಯ ಸಮೇತ ನೋಡಬೇಕು. ಅಭಿಪ್ರಾಯ ಕೇಳುವುದಕ್ಕಿಂತ ‘ಇದನ್ನ ನಿಮ್ಮ ತಂಗಿಗೆ ಹೇಳಿಕೊಡೋದಾದ್ರೆ ಹೇಗೆ ಹೇಳ್ತೀರಿ’ ಎಂದು ಕೇಳಿದರೆ ಮರ್ಯಾದೆಯ ಮಾತು ಬದಿಗೆ ಸರಿದು ನಿಜವಾದ ತಿಳಿವಳಿಕೆ ಹೊರಬರುತ್ತದೆ. ಅವರು ತಡವರಿಸಿದಾಗ ಬಾಯಿ ಹಾಕದೆ ಕೂರುವುದನ್ನು ಕಲಿಯಬೇಕು.

ಈಗ ಇನ್ನೊಂದು ಆಮಿಷ ಬಂದಿದೆ. ಕೃತಕ ಬುದ್ಧಿಮತ್ತೆಯಿಂದ ಬಳಕೆದಾರರನ್ನೇ ತಯಾರಿಸಿ ಕೊಡುತ್ತೇವೆ, ವಯಸ್ಸು, ಊರು, ವೃತ್ತಿ ಹೇಳಿದರೆ ಅಂಥವರಂತೆ ಯಂತ್ರ ಉತ್ತರ ಕೊಡುತ್ತದೆ, ಗುರುವಾರದವರೆಗೂ ಕಾಯಬೇಕಿಲ್ಲ ಎನ್ನುವ ಸೇವೆಗಳು. ಟಿಪ್ಪಣಿ ಹೊಂದಿಸಲು, ರೆಕಾರ್ಡಿಂಗನ್ನು ಬರಹಕ್ಕಿಳಿಸಲು ನಾನು ಈ ತಂತ್ರಜ್ಞಾನವನ್ನು ಸಂತೋಷದಿಂದ ಬಳಸುತ್ತೇನೆ, ಗಂಟೆಗಟ್ಟಲೆ ಸಮಯ ಉಳಿಯುತ್ತದೆ. ಆದರೆ ಯಂತ್ರ ಕಲಿತಿರುವುದು ಬರೆದಿಟ್ಟ ಮಾತುಗಳಿಂದ. ಚಳ್ಳಕೆರೆಯ ಅಂಗಡಿಯವರು ಎಲ್ಲ ಖಾತೆಗೂ ತಮ್ಮದೇ ನಂಬರ್ ಹಾಕುವುದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಕಡಿಮೆ ಬರೆಯುವವರ ಬದುಕು ಯಂತ್ರದೊಳಗೆ ಕಡಿಮೆಯೇ ಇರುತ್ತದೆ, ನಾವು ತಲುಪಬೇಕಾಗಿರುವುದೂ ಅವರನ್ನೇ.

ಈ ಕೆಲಸಕ್ಕೆ ಬರಬೇಕೆಂದು ಪತ್ರ ಬರೆಯುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಯಾವ ಕೋರ್ಸು ಎಂದು ಕೇಳುತ್ತಾರೆ. ಅಹಮದಾಬಾದಿನ ಎನ್ಐಡಿ, ಐಐಟಿ ಬಾಂಬೆಯ ಐಡಿಸಿ, ಬೆಂಗಳೂರಿನ ಐಐಎಸ್ಸಿ ಇಂಥ ಕಡೆ ವಿನ್ಯಾಸ ಓದಿದವರು ಬರುತ್ತಾರೆ. ಮನಃಶಾಸ್ತ್ರ, ಸಮಾಜಶಾಸ್ತ್ರ, ಪತ್ರಿಕೋದ್ಯಮ ಓದಿದವರೂ ಅಷ್ಟೇ ಚೆನ್ನಾಗಿ ಮಾಡುತ್ತಾರೆ. ಜಿಲ್ಲೆಗಳಿಂದ ಬಂದು, ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷಿನ ಬಗ್ಗೆ ಅಳುಕಿರುವವರಿಗೆ ನಾನು ಒತ್ತಿ ಹೇಳುವುದಿದೆ: ಕಲಬುರಗಿಯ ಮಾತನ್ನೂ ಕುಂದಾಪುರದ ಮಾತನ್ನೂ ಕಿವಿಗೊಟ್ಟು ಕೇಳಿ ಅರ್ಥಮಾಡಿಕೊಳ್ಳಬಲ್ಲವರು ಈ ಆಫೀಸುಗಳಲ್ಲಿ ತೀರಾ ಕಡಿಮೆ. ನೀವು ಬಂದರೆ ಗುರುವಾರದೊಳಗೆ ಸಿಗುವ ಐವರು ಬೇರೆಯೇ ಆಗುತ್ತಾರೆ.

ನಾನು ಬರೆಯುವ ಪ್ರತಿ ವರದಿಯ ಮೊದಲ ಪುಟದಲ್ಲಿ, ಯಾರನ್ನು ಕೇಳಿದೆವು ಎಂಬುದರ ಕೆಳಗೇ, ಯಾರನ್ನು ಕೇಳಿಲ್ಲ ಎಂಬ ಸಾಲೊಂದು ಇರುತ್ತದೆ. ಇತ್ತೀಚಿನ ಒಂದರಲ್ಲಿ ಹೀಗಿತ್ತು: ‘ಫೋನನ್ನು ಮನೆಯ ಇತರರೊಂದಿಗೆ ಹಂಚಿಕೊಳ್ಳುವ ಹೆಂಗಸರನ್ನು ಕೇಳಿಲ್ಲ. ಕನ್ನಡ ಮಾತ್ರ ಬಲ್ಲವರನ್ನು ಕೇಳಿಲ್ಲ.’ ಅದನ್ನು ಓದಿದ ಎಂಜಿನಿಯರ್ ಒಬ್ಬರು, ಆಗಲೇ ಅರ್ಧ ಕಟ್ಟಿದ್ದ ಲಾಗಿನ್ ಪರದೆಯನ್ನು ಆ ಸ್ಪ್ರಿಂಟಿನ ಬಿಡುಗಡೆಯಿಂದ ತಾವೇ ತೆಗೆದರು. ಮುಂದಿನ ಬುಧವಾರ ಯಾದಗಿರಿಗೆ ಹೊರಟ ಬಸ್ಸಿನಲ್ಲಿ ಅವರೂ ನನ್ನ ಜೊತೆಗಿದ್ದರು.